19 ಸೆಂಟಿಮೀಟರ್‌ನ ಬೆಟ್ಟ

ಬೆಳಗಿನ ಜಾವ ನಾಲ್ಕೂವರೆ. ಹೊರಗೆ ಇನ್ನೂ ಕತ್ತಲು. ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂತಿದೆ. ನಮ್ಮ ಅಡುಗೆಮನೆ ಟೇಬಲ್ ಮೇಲೆ ಏನೇನಿದೆ ನೋಡಿ: ಒಂದು ಚಿಮುಟ, ಮಗನ ಬಣ್ಣದ ಡಬ್ಬಿಯಿಂದ ಎಗರಿಸಿದ ಬ್ರಷ್, ಹಳೇ ಟೂತ್‌ಬ್ರಷ್, ಒಂದು ಬಟ್ಟಲು ಸಣ್ಣ ಜಲ್ಲಿ. ನಡುವೆ ಕೂತಿರುವವಳು ಇವತ್ತಿನ ಮದುಮಗಳು.

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇಂಗ್ಲೆಂಡಿನ ಲೀಡ್ಸ್‌ನಿಂದ ಮಾತಾಡುತ್ತಿದ್ದೇನೆ. ಇವತ್ತು ನಾನು ಆಲ್ಪೈನ್ ಗಿಡಗಳ, ಅಂದರೆ ಎತ್ತರದ ಬೆಟ್ಟದ ಗಿಡಗಳ ಶೋಗೆ ಹೊರಟಿದ್ದೇನೆ. ನೋಡೋಕೆ ಹೋಗುತ್ತಿಲ್ಲ, ಸ್ಪರ್ಧೆಗೇ ಹೋಗುತ್ತಿದ್ದೇನೆ. ಹೊಸಬರ ವಿಭಾಗ, ಒಂದೇ ಒಂದು ಕುಂಡ.

ಈ ಮದುಮಗಳ ಹೆಸರು ಪ್ರಿಮುಲಾ ಅಲ್ಲಿಯೋನಿಯೈ. 18ನೇ ಶತಮಾನದಲ್ಲಿ ಇಟಲಿಯ ಟುರಿನ್‌ನಲ್ಲಿದ್ದ ವೈದ್ಯ, ಸಸ್ಯಶಾಸ್ತ್ರಜ್ಞ ಕಾರ್ಲೋ ಅಲ್ಲಿಯೋನಿ ನೆನಪಿಗೆ ಇಟ್ಟ ಹೆಸರು. ತವರು ಫ್ರಾನ್ಸ್ ಮತ್ತು ಇಟಲಿ ಗಡಿಯ ಮ್ಯಾರಿಟೈಮ್ ಆಲ್ಪ್ಸ್. ಅಲ್ಲಿನ ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಸಂದಿಯಲ್ಲಿ ಬೇರು ಬಿಟ್ಟುಕೊಂಡು ಕೂತಿರುತ್ತದೆ. ಎಲೆ ಮುಟ್ಟಿದರೆ ಹಲಸಿನ ಮೇಣದ ತಮ್ಮನ ಹಾಗೆ ಅಂಟಂಟು. ಹೂವಿಗೆ ತೊಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಹಾಗಾಗಿ ಚೆನ್ನಾಗಿ ಅರಳಿದಾಗ ಎಲೆಯೇ ಕಾಣುವುದಿಲ್ಲ, ಗುಲಾಬಿ ಬಣ್ಣದ ಪುಟ್ಟ ದಿಂಬು ಇಟ್ಟ ಹಾಗಿರುತ್ತದೆ.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳದಲ್ಲಿ ಮಳೆಗಾಲ ಬಂತೆಂದರೆ ಡೇರೆ ಹೂವಿನದೇ ದರ್ಬಾರು. ಒಂದೊಂದು ಹೂವು ತಿಂಡಿ ತಟ್ಟೆಯಷ್ಟು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, "ಇಷ್ಟೇ ಏನೇ? ಇದನ್ನ ಹೊತ್ಕೊಂಡು ಸ್ಪರ್ಧೆಗೆ ಹೋಗ್ತೀಯಾ?" ಅಂದಳು.

ಹೌದಮ್ಮ, ಇಷ್ಟೇ. ಸಣ್ಣ ಕುಂಡದ ಸ್ಪರ್ಧೆಯಲ್ಲಿ ಕುಂಡದ ಅಗಲ 19 ಸೆಂಟಿಮೀಟರ್ ದಾಟಬಾರದು. ಇಲ್ಲಿನವರು ಕುಂಡಕ್ಕೆ 'ಪ್ಯಾನ್' ಅನ್ನುತ್ತಾರೆ. ಮೊದಲ ಸಲ ನಿಯಮಗಳ ಪುಸ್ತಕ ಓದಿದಾಗ ನನಗೆ ದೋಸೆ ಕಾವಲಿಯೇ ಕಣ್ಣ ಮುಂದೆ ಬಂದಿತ್ತು.

ಆಲ್ಪೈನ್ ಅಂದರೆ ಮೂಲತಃ ಬೆಟ್ಟದಲ್ಲಿ ಮರಗಳು ನಿಲ್ಲುವ ಎತ್ತರಕ್ಕಿಂತಲೂ ಮೇಲೆ ಬೆಳೆಯುವ ಗಿಡ. ಶೋಗಳಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಬಂಡೆ ಸಂದಿಯ ಗಿಡ, ಪುಟ್ಟ ಗೆಡ್ಡೆ ಹೂವು, ಜರಿಗಿಡ ಎಲ್ಲವೂ ಬರುತ್ತವೆ. ಬ್ರಿಟನ್ನಿನಲ್ಲಿ ಈ ಹುಚ್ಚಿಗೆ ವಯಸ್ಸಾಗಿದೆ. ಆಲ್ಪೈನ್ ಗಾರ್ಡನ್ ಸೊಸೈಟಿ ಶುರುವಾಗಿದ್ದು 1929ರಲ್ಲಿ, ಸ್ಕಾಟ್ಲೆಂಡಿನವರ ರಾಕ್ ಗಾರ್ಡನ್ ಕ್ಲಬ್ 1933ರಲ್ಲಿ.

ಈಗ ನೋಡುತ್ತಿರುವುದು ನಮ್ಮ ಹಿತ್ತಲಿನ ಗಾಜಿನ ಗೂಡು. ಬೆಟ್ಟದ ಹಿಮದಲ್ಲಿ ಬದುಕುವ ಗಿಡಕ್ಕೆ ಸೂರು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಚಳಿಗೆ ಇದು ಜಗ್ಗುವುದಿಲ್ಲ. ತೇವ ಆಗಿಬರುವುದಿಲ್ಲ. ಎತ್ತರದ ಬೆಟ್ಟದಲ್ಲಿ ಚಳಿಗಾಲವಿಡೀ ಒಣ ಹಿಮದ ಕಂಬಳಿ ಹೊದ್ದು ಗಿಡಗಳು ಮಲಗಿರುತ್ತವೆ. ಈ ಪ್ರಿಮುಲಾ ಬಂಡೆಯ ಚಾಚಿನಡಿ ನೆನೆಯದೆ ಇರುತ್ತದೆ. ಇಂಗ್ಲೆಂಡಿನ ಚಳಿಗಾಲ ಹಾಗಲ್ಲ, ಜಿಟಿಜಿಟಿ ಮಳೆ. ಮಲೆನಾಡಿನವಳಾದ ನನಗೆ ಅದು ಹಿತ, ಗಿಡಕ್ಕೆ ಕೊಳೆರೋಗ. ಅದಕ್ಕೇ ತಲೆ ಮೇಲೆ ಗಾಜು, ಆದರೆ ಕಿಟಕಿ ಸದಾ ತೆರೆದೇ ಇರಬೇಕು. ಹೀಟರ್ ಗೀಟರ್ ಏನೂ ಇಲ್ಲ.

ಕುಂಡಗಳು ಕುತ್ತಿಗೆವರೆಗೆ ಮರಳಿನಲ್ಲಿ ಹೂತಿವೆ, ಗಮನಿಸಿದಿರಾ? ನೀರು ಹಾಕುವುದು ಆ ಮರಳಿಗೆ. ಮಣ್ಣಿನ ಕುಂಡ ತನಗೆ ಬೇಕಾದಷ್ಟನ್ನು ಗೋಡೆಯ ಮೂಲಕ ಹೀರಿಕೊಳ್ಳುತ್ತದೆ. ನಮ್ಮ ಹೂಜಿಯಲ್ಲಿ ನೀರು ಒಳಗಿಂದ ಹೊರಗೆ ಜಿನುಗುತ್ತದಲ್ಲ, ಅದೇ ಲೆಕ್ಕ, ಇಲ್ಲಿ ದಿಕ್ಕು ಮಾತ್ರ ಉಲ್ಟಾ. ಕುಂಡದೊಳಗೆ ಮಣ್ಣಿಗಿಂತ ಜಲ್ಲಿಯೇ ಜಾಸ್ತಿ. ಪ್ರತಿ ಶನಿವಾರ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಗಿಡ ಬೆಳಕಿನ ಕಡೆ ವಾಲಿ ಒಂದು ಬದಿ ಉಬ್ಬಿಕೊಳ್ಳುತ್ತದೆ. ಶನಿವಾರ ಮಗನ ತಲೆಗೆ ಎಣ್ಣೆ, ಗಿಡಕ್ಕೆ ಕಾಲು ಸುತ್ತು. ಐದು ವರ್ಷದಿಂದ ಇದೇ ನಡೆದಿದೆ.

ಇನ್ನು ಚಿಮುಟದ ಕೆಲಸ. ಈ ಗಿಡದ ಹಳೇ ಎಲೆಗಳು ಒಣಗಿದರೂ ಉದುರುವುದಿಲ್ಲ. ಹೊಸ ಎಲೆಗಳ ಕೆಳಗೇ ಕಂದು ಬಣ್ಣದ ಲಂಗದ ಹಾಗೆ ಅಂಟಿಕೊಂಡಿರುತ್ತವೆ. ಅಲ್ಲಿ ತೇವ ನಿಂತರೆ ಬೂದುಬಣ್ಣದ ಬೂಷ್ಟು, ಅದು ಹಬ್ಬಿದರೆ ಗಿಡವೇ ಹೋಯಿತು. ಹಾಗಾಗಿ ಒಂದೊಂದೇ ಎಲೆ ಹಿಡಿದು ತೆಗೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಈ ಕೆಲಸ ಹೊಸದಲ್ಲ. ಒಂದೇ ವ್ಯತ್ಯಾಸ, ಅಕ್ಕಿಗೆ ನೋವಾಗುವುದಿಲ್ಲ.

ಮೂರು ವಾರದ ಹಿಂದೆ ಅವಘಡ ಆಗಿದ್ದೂ ಹೀಗೇ. ಒಣ ಎಲೆ ಅಂತ ಎಳೆದೆ. ಅದರ ಜೊತೆ ಹಸಿರು ಎಲೆಗಳ ಇಡೀ ಗುಚ್ಛವೇ ಚಿಮುಟಕ್ಕೆ ಬಂತು, ಮೂರು ಮೊಗ್ಗಿನ ಸಮೇತ. ಗಿಡದ ನಡುವೆ ಎಂಟಾಣೆ ಅಗಲದ ತೂತು. ಕ್ಯಾಮೆರಾ ಆನ್ ಇತ್ತು, ಆದರೆ ನನ್ನ ಬಾಯಿಂದ ಬಂದ ಮಾತು ಇಲ್ಲಿ ಹಾಕುವ ಹಾಗಿಲ್ಲ.

ಅದರ ಮೇಲೆ ಇನ್ನೊಂದು ತಲೆನೋವು. ಮಾರ್ಚ್ ಶುರುವಿಗೇ ನಾಲ್ಕು ದಿನ ಬಿಸಿಲು ಕಾಯಿತು. ಮೊಗ್ಗುಗಳು ಎದ್ದು ಕೂತವು. ಶೋಗೆ ಇನ್ನೂ ಎರಡು ವಾರ! ಹೂವಿಗೆ ಕ್ಯಾಲೆಂಡರ್ ಗೊತ್ತಿಲ್ಲವಲ್ಲ. ತಡಮಾಡಿಸಲು ಕೆಲವರು ಕುಂಡವನ್ನು ಫ್ರಿಜ್‌ನಲ್ಲಿ ಇಡುತ್ತಾರೆ. ನಮ್ಮ ಫ್ರಿಜ್‌ನಲ್ಲಿ ದೋಸೆ ಹಿಟ್ಟಿಗೇ ಜಾಗ ಸಾಲದು. ಮನೆಯ ಉತ್ತರ ದಿಕ್ಕಿನ ಗೋಡೆ ಬದಿಗೆ, ಬಿಸಿಲು ಬೀಳದ ಜಾಗಕ್ಕೆ, ಸೂರಿನಡಿ ಸಾಗಿಸಿದೆ. ಈ ಗೋಡೆಯ ಬದಿ ನೆನಪಿಟ್ಟುಕೊಳ್ಳಿ.

ಇವತ್ತು ಉಳಿದಿದ್ದು ಮೇಕಪ್ ಅಷ್ಟೇ. ಟೂತ್‌ಬ್ರಷ್‌ನಿಂದ ಕುಂಡದ ಹೊರಗಿನ ಪಾಚಿ ತಿಕ್ಕಿದೆ. ಮೇಲಿನ ಹಳೇ ಜಲ್ಲಿ ತೆಗೆದು, ತೊಳೆದ ಹೊಸ ಜಲ್ಲಿ ಹರಡಿದೆ. ಹೂವಿನ ಮೇಲೆ ಬಿದ್ದ ಪುಡಿಯನ್ನು ಬ್ರಷ್‌ನಿಂದ ಗುಡಿಸಿದೆ. ಪೆಟ್ಟಿಗೆಯಲ್ಲಿ ಕುಂಡದ ಸುತ್ತ ಪೇಪರ್ ತುರುಕಿ ಅಲುಗಾಡದ ಹಾಗೆ ಮಾಡಿದೆ. ದಾರಿಯುದ್ದಕ್ಕೂ ಹಂಪ್ ಬಂದಾಗಲೆಲ್ಲ ನಾನು "ರೀ, ನಿಧಾನ" ಅನ್ನುವುದು, ಇವರು "ಇದಕ್ಕಿಂತ ನಿಧಾನ ಹೋದ್ರೆ ನಿಲ್ಲಿಸಬೇಕಾಗತ್ತೆ" ಅನ್ನುವುದು.

ಬಂದೆವು. ಊರಿನ ಹೊರಗಿನ ಒಂದು ಶಾಲೆಯ ಹಾಲ್. ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ಮೇಲೆ ಕಪ್ಪು ಬಟ್ಟೆ. ನಮ್ಮ ಗೊಂಬೆ ಕೂರಿಸುವ ಹಬ್ಬವೇ ನೆನಪಾಯಿತು ನನಗೆ. ಲಾಲ್‌ಬಾಗ್ ಫ್ಲವರ್ ಶೋ ಜನಜಂಗುಳಿ ಮನಸ್ಸಲ್ಲಿ ಇಟ್ಟುಕೊಂಡು ಬಂದರೆ ನಿರಾಸೆಯಾದೀತು. ಇಲ್ಲಿ ಮೈಕ್ ಇಲ್ಲ, ನೂಕುನುಗ್ಗಲಿಲ್ಲ. ಎಲ್ಲರೂ ಬಗ್ಗಿ ನಿಂತು ಪಿಸುಮಾತಲ್ಲಿ ಲೆಕ್ಕ ಹಾಕುತ್ತಿರುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದು ಡಯೋನೀಸಿಯಾ. ಇರಾನ್, ಅಫ್ಘಾನಿಸ್ತಾನದ ಕಡೆಯ ಬಂಡೆಗಳ ಗಿಡ. ಅಳತೆ ಹಿಡಿದು ಮಾಡಿದ ಹಾಗೆ ಗುಂಡಗೆ, ಮೈತುಂಬ ಹಳದಿ ಹೂವು. ಎಲೆ ಮೇಲೆ ನೀರು ನಿಂತರೆ ಕೊಳೆತೇ ಹೋಗುವ ಜಾತಿ. ಸಾಕಿದವರು ಎಪ್ಪತ್ತು ದಾಟಿದ ಅಜ್ಜ. ಉಸಿರು ಬಿಗಿಹಿಡಿದು ಬಾಡಿದ ಒಂದೇ ಹೂವನ್ನು ಚಿಮುಟದಲ್ಲಿ ಎತ್ತಿದರು ನೋಡಿ. ಇಡೀ ದಿನದಲ್ಲಿ ನನಗೆ ಇಷ್ಟವಾದ ಶಾಟ್ ಇದು.

ಜಡ್ಜ್‌ಗಳು ಬರುವ ಹೊತ್ತಿಗೆ ನಮ್ಮನ್ನೆಲ್ಲ ಹೊರಗೆ ಕಳಿಸುತ್ತಾರೆ. ಹೊರಗೆ ಟೀ ಕುಡಿಯುತ್ತಾ ನನ್ನ ಹಳೇ ಅನುಮಾನ ಕೇಳಿದೆ. ಒಂದೇ ಸ್ಪರ್ಧೆಯಲ್ಲಿ ಬೇರೆ ಬೇರೆ ಗಿಡ ಇದ್ದರೆ ಹೋಲಿಸುವುದು ಹೇಗೆ? ಮಲ್ಲಿಗೆಗೂ ಸಂಪಿಗೆಗೂ ಪೈಪೋಟಿ ಇಟ್ಟ ಹಾಗಲ್ವಾ? ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಿಡಿಸಿ ಹೇಳಿದರು. ಆ ಜಾತಿಯ ಗಿಡ ಎಷ್ಟು ಚೆನ್ನಾಗಿ ಬೆಳೆಯಬಲ್ಲದೋ, ನಿನ್ನದು ಅದಕ್ಕೆ ಎಷ್ಟು ಹತ್ತಿರ ಬಂದಿದೆ ಅಂತ ನೋಡುತ್ತಾರಂತೆ. ಸಾಕುವುದು ಎಷ್ಟು ಕಷ್ಟ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಾತ್ರ ಇದ್ದರೆ ಒಳ್ಳೆಯದೇ, ಆದರೆ ದಪ್ಪಗಿದ್ದು ಸೊರಗಿದ ಗಿಡಕ್ಕಿಂತ ಸಣ್ಣಗಿದ್ದು ಗಟ್ಟಿಮುಟ್ಟಾದ್ದೇ ಮೇಲು.

ಇಡೀ ಶೋದ ಅತ್ಯುತ್ತಮ ಗಿಡಕ್ಕೆ ಫಾರರ್ ಪದಕ. ರೆಜಿನಾಲ್ಡ್ ಫಾರರ್ ನಮ್ಮ ಯಾರ್ಕ್‌ಷೈರ್‌ನ ಕ್ಲಾಪಮ್ ಹಳ್ಳಿಯವನು. ಗಿಡ ಹುಡುಕಿಕೊಂಡು ಚೀನಾ, ಬರ್ಮಾ ಅಲೆದ. 1920ರಲ್ಲಿ ಬರ್ಮಾದ ಬೆಟ್ಟದಲ್ಲೇ ತೀರಿಕೊಂಡ, ಆಗ ವಯಸ್ಸು ಬರೀ 40. ಬಂಡೆ ಮೇಲೆ ಗಿಡ ಬೆಳೆಸಲು ಬೀಜವನ್ನು ಬಂದೂಕಿಗೆ ತುಂಬಿ ಹೊಡೆದಿದ್ದನಂತೆ! ನನ್ನ ಚಿಮುಟ ನೋಡಿದ್ದರೆ ನಗುತ್ತಿದ್ದನೋ ಏನೋ. ಇವತ್ತಿನ ಪದಕ ಆ ಹಳದಿ ಡಯೋನೀಸಿಯಾಗೇ ಹೋಯಿತು. ಅಜ್ಜ ಕರ್ಚೀಫ್‌ನಲ್ಲಿ ಮೂಗು ಒರೆಸಿಕೊಂಡರು, ಅಷ್ಟೇ.

ನನಗೆ? ಮೂರನೇ ಬಹುಮಾನದ ಕಾರ್ಡ್. ನಾಲ್ಕು ಕುಂಡದಲ್ಲಿ ಮೂರನೆಯದು, ಜಾಸ್ತಿ ಬೀಗುವ ಹಾಗಿಲ್ಲ.

ತೂತಿನಿಂದಲೇ ಹೋಯಿತು ಅಂದುಕೊಂಡಿದ್ದೆ. ಜಡ್ಜ್ ಒಬ್ಬರು ಸಿಕ್ಕಾಗ ಕೇಳಿಯೇಬಿಟ್ಟೆ. ತೂತು ಕಾಣಿಸಿತ್ತಂತೆ, ಆದರೆ ಸುತ್ತಲಿನ ಹೂವು ಅರ್ಧ ಮುಚ್ಚಿತ್ತಂತೆ. ಅವರು ಕುಂಡವನ್ನು ಮೆಲ್ಲಗೆ ತಿರುಗಿಸಿ ಹಿಂಬದಿ ತೋರಿಸಿದರು. ಮುಂದೆಲ್ಲ ಹೂವು, ಹಿಂದೆ ಬಿಗಿ ಮೊಗ್ಗು. ಉತ್ತರದ ಗೋಡೆ! ಆ ಎರಡು ವಾರ ಬಿಸಿಲಿನಿಂದ ಕಾಪಾಡುವ ಗಡಿಬಿಡಿಯಲ್ಲಿ ಕುಂಡ ತಿರುಗಿಸುವುದನ್ನೇ ಮರೆತಿದ್ದೆ. ಒಂದು ಬದಿ ಬೆಳಕು ಕಂಡಿತು, ಇನ್ನೊಂದು ಬದಿ ಗೋಡೆ ನೋಡಿಕೊಂಡು ಕೂತಿತ್ತು. ಐದು ವರ್ಷದ ಶನಿವಾರಗಳಲ್ಲಿ ಎರಡು ತಪ್ಪಿಸಿದ್ದೆ, ಅದು ಅವರ ಕಣ್ಣಿಗೆ ಬಿತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಕಥೆ ಹೇಳಿದೆ. ಕಾರ್ಡ್ ತೋರಿಸಿದೆ. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಅದಿರಲಿ. ಕಿತ್ತು ಬಂತಲ್ಲ ಚೂರು, ಅದನ್ನ ಎಲ್ಲಿ ನೆಟ್ಟೆ?"

ಇಗೋ, ಇಲ್ಲಿದೆ. ಮೊಸರಿನ ಕಪ್, ತಳದಲ್ಲಿ ತೂತು, ಒಳಗೆ ಒದ್ದೆ ಮರಳು. ಅವತ್ತೇ ಮೊಗ್ಗು ಚಿವುಟಿ ಸಿಕ್ಕಿಸಿದ್ದೆ. ಎಲೆ ಇನ್ನೂ ಹಸಿರಾಗಿಯೇ ಇದೆ. ಬೇರು ಬಂದಿದೆಯಾ ಅಂತ ಎಳೆದು ನೋಡಲು ಕೈ ತುರಿಸುತ್ತಿದೆ.

"ಮುಟ್ಟಬೇಡ ಕಣೇ" ಅಂತ ಅಮ್ಮ ಆಚೆಯಿಂದ ಹೇಳುತ್ತಿದ್ದಾಳೆ.