ಬಸವನಗುಡಿಯಲ್ಲಿ ಯಾವ ತಿಂಡಿಗೆ ಯಾವ ಹೊತ್ತು

ನಮಸ್ಕಾರ. ಜನವರಿ ತಿಂಗಳು, ಶನಿವಾರ, ಬೆಳಗ್ಗೆ ಆರೂವರೆ. ನಾನೀಗ ಗಾಂಧಿ ಬಜಾರಿನಲ್ಲಿದ್ದೇನೆ. ಅರ್ಧ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಹೂವಿನವರು ಮಾತ್ರ ಆಗಲೇ ಸೇವಂತಿಗೆಯನ್ನು ಮೊಳ ಹಾಕಿ ಅಳೆಯುತ್ತಿದ್ದಾರೆ. ಚಳಿ ಇದೆ. ಮೈಕ್ ಹತ್ತಿರ ನನ್ನ ಮೂಗು ಎಳೆಯುವ ಸದ್ದು ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಂಗಳೂರಿಗೆ ಬಂದರೆ ಎಲ್ಲಿ ತಿನ್ನಬೇಕು ಅಂತ ತುಂಬ ಜನ ಕೇಳುತ್ತಾರೆ. ಎಲ್ಲಿ ಅನ್ನೋದಕ್ಕೆ ನೂರು ಪಟ್ಟಿ ಸಿಗುತ್ತವೆ. ಎಷ್ಟು ಹೊತ್ತಿಗೆ ಅಂತ ಯಾರೂ ಕೇಳುವುದಿಲ್ಲ. ಈ ಕಡೆಯ ತಿಂಡಿಗಳಿಗೆ ಮುಖ್ಯವಾದದ್ದು ಅದೇ. ಸಂಜೆ ನಾಲ್ಕಕ್ಕೆ ತಿಂದ ಖಾರ ಬನ್ನು ಬೇರೆ, ರಾತ್ರಿ ಎಂಟಕ್ಕೆ ತಿಂದ ಖಾರ ಬನ್ನು ಬೇರೆ. ಹೆಸರು ಒಂದೇ ಅಷ್ಟೇ. ಹಾಗಾಗಿ ಇವತ್ತಿನ ವಿಡಿಯೋ ಹೋಟೆಲುಗಳ ಪ್ರಕಾರ ಅಲ್ಲ, ಗಡಿಯಾರದ ಪ್ರಕಾರ.

ಮೊದಲು ಅವರೆಕಾಯಿ. ಅದಕ್ಕೆ ಹೊತ್ತು ಅಷ್ಟೇ ಅಲ್ಲ, ತಿಂಗಳೂ ಬೇಕು.

ಈ ರಾಶಿ ನೋಡಿ. ಗೋಣಿತಾಟಿನ ಮೇಲೆ ಸುರಿದಿದ್ದಾರೆ. ಮಾಗಡಿ ಕಡೆಯದು ಅಂತ ಹೇಳಿದರು. ಅವರೆ ಮಾರುವವರೆಲ್ಲ ಮಾಗಡಿಯದೇ ಅನ್ನುತ್ತಾರೆ, ಅದು ಬಿಡಿ. ಕ್ಯಾಮೆರಾಗೆ ಕಾಣದ ಒಂದು ವಿಷಯ ಇಲ್ಲಿದೆ, ಸೊಗಡು. ಒಂದು ಕಾಯಿ ಎತ್ತಿಕೊಂಡು ಬೆರಳಲ್ಲಿ ಉಜ್ಜಿದೆ. ಸಿಪ್ಪೆಯ ಮೇಲೆ ಜಿಡ್ಡು ಇರುತ್ತದೆ, ಅದು ಕೈಗೆ ಅಂಟುತ್ತದೆ. ಸೋಪು ಹಾಕಿ ತೊಳೆದರೂ ಸಂಜೆವರೆಗೂ ವಾಸನೆ ಹೋಗುವುದಿಲ್ಲ. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಜಾಸ್ತಿ ಅಂತ ರೈತರು ಹೇಳುತ್ತಾರೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಹಳಬರು ಮೂಸಿ ನೋಡಿ ಚೌಕಾಸಿ ಶುರು ಮಾಡುತ್ತಾರೆ.

ಹಳೆಯ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಈ ಸುಗ್ಗಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ವರ್ಷವಿಡೀ ಬೆಳೆಯುವ ತಳಿ ಮಾಡಿದ್ದಾರೆ. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ. ಹಾಗಾಗಿ ಈಗ ಜೂನ್ ತಿಂಗಳಲ್ಲೂ ಅವರೆಕಾಯಿ ಸಿಗುತ್ತದೆ. ರೈತರಿಗೆ ಒಳ್ಳೆಯದೇ ಆಯಿತು. ಆದರೆ ಜೂನ್ ಅವರೆಕಾಯಿಯಲ್ಲಿ ಮಾಡಿದ ಸಾರಿಗೆ ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ.

ಈ ಅಜ್ಜಿಯ ಕೈ ಮೇಲೆ ಜೂಮ್ ಮಾಡಿದ್ದೇನೆ, ನೋಡಿ. ಮುಂದೆ ಒಂದು ಬೇಸಿನ್, ಅದರಲ್ಲಿ ರಾತ್ರಿಯೆಲ್ಲ ನೆನೆದ ಕಾಳು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಒತ್ತುತ್ತಾರೆ. ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಅವರು ಕಾಳಿನ ಕಡೆ ನೋಡುವುದೂ ಇಲ್ಲ. ಪಕ್ಕದ ಸೊಪ್ಪಿನವರ ಜೊತೆ ಯಾವುದೋ ಮದುವೆಯ ವಿಷಯ ಮಾತಾಡುತ್ತಾ ಒತ್ತುತ್ತಲೇ ಇದ್ದಾರೆ. ಇದೇ ಹಿತಕಿದ ಬೇಳೆ. ಪಾವಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಬಿಡಿಸದ ಕಾಯಿಗಿಂತ ರೇಟು ಜಾಸ್ತಿ, ಆದರೆ ಒಂದು ಸಲ ಕೂತು ಒಂದು ಕೆಜಿ ಹಿತುಕಿ ನೋಡಿ. ಆಮೇಲೆ ಈ ಅಜ್ಜಿಯ ಹತ್ತಿರ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಇಲ್ಲಿಗೆ ಬರುವುದಾದರೆ ಎಂಟರೊಳಗೆ ಬನ್ನಿ. ಬಿಸಿಲೇರಿದ ಮೇಲೆ ಕಾಯಿ ಬಾಡುತ್ತದೆ, ಬಿಡಿಸಿದ ಬೇಳೆಯ ಮೇಲೆ ನೀರು ಚಿಮುಕಿಸಲು ಶುರು ಮಾಡುತ್ತಾರೆ. ತೂಕ ಸಿಗುತ್ತದೆ, ರುಚಿ ಸಿಗುವುದಿಲ್ಲ.

ಈಗ ತಿಂಡಿ. ಗಾಂಧಿ ಬಜಾರ್ ಅಂದ ಮೇಲೆ ವಿದ್ಯಾರ್ಥಿ ಭವನದ ಹೆಸರು ಹೇಳದೇ ಹೋದರೆ ಬಸವನಗುಡಿಯವರು ನನ್ನನ್ನು ಬಿಡುವುದಿಲ್ಲ. 1943ರಿಂದ ಇದೆ. ಹೆಸರೇ ಹೇಳುವ ಹಾಗೆ, ಸುತ್ತಮುತ್ತಲಿನ ಶಾಲೆ ಹುಡುಗರಿಗಾಗಿ ಶುರುವಾದ ಜಾಗ. ಪಂಚೆ ಉಟ್ಟವರು ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಮೊಣಕೈವರೆಗೆ ಜೋಡಿಸಿಕೊಂಡು ಬರುವುದನ್ನು ನೀವು ಎಷ್ಟೋ ವಿಡಿಯೋದಲ್ಲಿ ನೋಡಿರುತ್ತೀರಿ, ನಾನು ಮತ್ತೆ ತೋರಿಸುವುದಿಲ್ಲ. ಗಡಿಯಾರದ ಲೆಕ್ಕ ಮಾತ್ರ ಹೇಳುತ್ತೇನೆ. ಶನಿವಾರ, ಭಾನುವಾರ ಎಂಟು ದಾಟಿದ ಮೇಲೆ ಬಂದರೆ ಫುಟ್‌ಪಾತ್ ಮೇಲೆ ನಿಂತು ನಿಮ್ಮ ಹೆಸರು ಕೂಗುವುದನ್ನು ಕಾಯಬೇಕು. ವಾರದ ನಡುವೆ ಬಂದರೆ ನೆಮ್ಮದಿ. ಶುಕ್ರವಾರ ರಜೆ. ದೂರದಿಂದ ಕ್ಯಾಬ್ ಮಾಡಿಕೊಂಡು ಶುಕ್ರವಾರವೇ ಬಂದು ಬಾಗಿಲ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುವವರನ್ನು ನೋಡಿದ್ದೇನೆ. ಪಾಪ.

ಇವತ್ತು ನನ್ನ ಕಾಲು ಶಂಕರಪುರಂ ಕಡೆ ತಿರುಗಿತು. ಹತ್ತೇ ನಿಮಿಷದ ನಡಿಗೆ. ಬ್ರಾಹ್ಮಿನ್ಸ್ ಕಾಫಿ ಬಾರ್, 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಮೆನು ಮುಗಿಯಿತು. ಕಾಫಿ, ಟೀ ಇದೆ. ಸಾಂಬಾರ್ ಇಲ್ಲ. ಕೇಳಬೇಡಿ, ಹಿಂದೆ ನಿಂತವರು ನಿಮ್ಮನ್ನು ಒಂಥರಾ ನೋಡುತ್ತಾರೆ. ಚಟ್ನಿ ಮಾತ್ರ ಎಷ್ಟು ಬೇಕಾದರೂ. ಅದನ್ನು ಬಡಿಸಲು ಒಬ್ಬರು ನಿಂತೇ ಇರುತ್ತಾರೆ. ತೆಳ್ಳಗೆ, ಹಸಿರು ಬಿಳಿ ಬಣ್ಣ, ಹಸಿಮೆಣಸಿನಕಾಯಿ ಖಾರ ಗಂಟಲಿಗೆ ಹೋದ ಮೇಲೆ ಗೊತ್ತಾಗುತ್ತದೆ. ಇಲ್ಲಿ ಕೂರಲು ಜಾಗ ಇಲ್ಲ. ರಸ್ತೆ ಪಕ್ಕ ನಿಂತು, ತಟ್ಟೆಯನ್ನು ಎದೆ ಹತ್ತಿರ ಹಿಡಿದು ತಿನ್ನಬೇಕು. ನನ್ನ ಪಕ್ಕ ಒಬ್ಬರು ವಡೆಯನ್ನು ಚಟ್ನಿಯಲ್ಲಿ ಪೂರ್ತಿ ಮುಳುಗಿಸಿಟ್ಟು ಪೇಪರ್ ಓದುತ್ತಿದ್ದರು. ಎರಡು ಪುಟ ಮುಗಿದ ಮೇಲೆ ತಿಂದರು. ಗರಿಗರಿ ವಡೆ ಬೇಕು ಅನ್ನುವವರು ಬೇರೆ ಪಕ್ಷ, ಇವರು ಬೇರೆ ಪಕ್ಷ. ನಾನು ಇವರ ಪಕ್ಷ.

ಆಮೇಲೆ ಕಾಫಿಪುಡಿ ಅಂಗಡಿ. ಈ ಏರಿಯಾದಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಇಂಥ ಅಂಗಡಿ ಬಂತು ಅಂತ ಮೂಗೇ ಹೇಳುತ್ತದೆ. ಬೀಜ ಹುರಿದಿಟ್ಟಿರುತ್ತಾರೆ, ನೀವು ಹೇಳಿದ ಮೇಲೆ ಪುಡಿ ಮಾಡುತ್ತಾರೆ. ಪೀಬೆರಿ ಎಷ್ಟು, ಪ್ಲಾಂಟೇಶನ್ ಎ ಎಷ್ಟು (ಎರಡೂ ಕಾಫಿ ಬೀಜದ ಬಗೆಗಳು), ಚಿಕೋರಿ ಎಷ್ಟು ಅಂತ ಕೇಳುತ್ತಾರೆ. ನಮ್ಮ ಮನೆಯದು 80 ಕಾಫಿಗೆ 20 ಚಿಕೋರಿ. ಚಿಕೋರಿ ಅಂದರೆ ಕಲಬೆರಕೆ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಅದೊಂದು ಬೇರು, ಹುರಿದು ಪುಡಿ ಮಾಡಿದ್ದು. ಡಿಕಾಕ್ಷನ್ನಿಗೆ ಬಣ್ಣ ಮತ್ತು ದಪ್ಪ ಬರುವುದು ಅದರಿಂದ. ಕಾನೂನಿನ ಪ್ರಕಾರ 49 ಪರ್ಸೆಂಟ್‌ವರೆಗೆ ಹಾಕಬಹುದು, ಪ್ಯಾಕೆಟ್ ಮೇಲೆ ಬರೆದಿರಬೇಕು. ಇನ್ನು ಮುಂದೆ ಪ್ಯಾಕೆಟ್ ತಿರುಗಿಸಿ ಓದಿ. ಕೆಲವು ಬ್ರ್ಯಾಂಡುಗಳಲ್ಲಿ ನೀವು ಕುಡಿಯುತ್ತಿರುವುದು ಹೆಚ್ಚುಕಡಿಮೆ ಅರ್ಧ ಚಿಕೋರಿ ಅಂತ ಗೊತ್ತಾಗುತ್ತದೆ. ಇಲ್ಲೂ ಹೊತ್ತಿನ ಮಾತಿದೆ. ಪುಡಿ ಮಾಡಿದ ಕ್ಷಣದಿಂದ ಕಾಫಿಯ ಘಮ ಹೋಗುತ್ತಾ ಇರುತ್ತದೆ. ಅದಕ್ಕೇ ಹಳೆಯ ಗಿರಾಕಿಗಳು ತಿಂಗಳಿಗಾಗುವಷ್ಟು ತೆಗೆದುಕೊಳ್ಳುವುದಿಲ್ಲ, ಕಾಲು ಕೆಜಿ ಕಾಲು ಕೆಜಿ ಒಯ್ಯುತ್ತಾರೆ.

ಮಧ್ಯಾಹ್ನದ ಕತೆ ಏನೂ ಇಲ್ಲ. ಮನೆಗೆ ಹೋದೆ, ಸಾರನ್ನ ಉಂಡೆ, ಮಲಗಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅಲಾರಂ.

ಈಗ ಬನ್ನಿ ವಿ.ವಿ. ಪುರಂಗೆ. ಸಜ್ಜನ್ ರಾವ್ ಸರ್ಕಲ್ ಹತ್ತಿರ ವಿ.ಬಿ. ಬೇಕರಿ, ಅಯ್ಯಂಗಾರರದು. 1953ರಿಂದ ಇದೆ. ಅಯ್ಯಂಗಾರ್ ಬೇಕರಿಗಳ ಕತೆ ಇದಕ್ಕಿಂತ ಹಳೆಯದು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅದೇ ವರ್ಷ ಊರಿಗೆ ಪ್ಲೇಗ್ ಬಂದದ್ದು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಂ ಕಡೆ ಬಂದು ನೆಲೆಸಿದರು. ಬೇಕರಿಗಳೂ ನಿಧಾನವಾಗಿ ಹಿಂದೆಯೇ ಬಂದವು. ಹಾಸನದ ಕಡೆಯವರು ಒಬ್ಬರ ಹಿಂದೆ ಒಬ್ಬರು ಬಂದು ಬೀದಿಗೊಂದು ಬೇಕರಿ ಮಾಡಿದರು.

ಯೋಚನೆ ಮಾಡಿ. ಬ್ರೆಡ್ಡು, ಕೇಕು ಎಲ್ಲ ಬ್ರಿಟಿಷ್ ದೊರೆಗಳ ತಿಂಡಿ. ಮಡಿ ಮೈಲಿಗೆಯ ಬೀದಿಯಲ್ಲಿ ಅದನ್ನು ಮಾರುವುದು ಹೇಗೆ? ಮೊಟ್ಟೆ ತೆಗೆದರು. ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು ಹಾಕಿದರು. ಬನ್ನಿನ ಹೊಟ್ಟೆಗೆ ಆಲೂಗಡ್ಡೆ ಪಲ್ಯ ತುಂಬಿದರು. ನಮ್ಮ ಅಡುಗೆಮನೆಯನ್ನೇ ಎತ್ತಿ ಓವನ್ನಿಗೆ ಹಾಕಿದರು. ಇದಕ್ಕಿಂತ ಒಳ್ಳೆಯ ಫ್ಯೂಷನ್ ಯಾವ ಹೊಸ ಕೆಫೆಯಲ್ಲೂ ನಾನು ತಿಂದಿಲ್ಲ. ಅವರಾದರೂ ಅದನ್ನು ಫ್ಯೂಷನ್ ಅಂತ ಕರೆಯಲಿಲ್ಲ, ಅದರ ಮೇಲೆ ಇನ್ನೂರು ರೂಪಾಯಿ ಜಾಸ್ತಿ ಹಾಕಲೂ ಇಲ್ಲ.

ಟ್ರೇ ಬಂತು. ಇಲ್ಲಿ ನಾನು ಮಾತಾಡುವುದನ್ನು ನಿಲ್ಲಿಸಿದ್ದೆ, ಸದ್ದು ಕೇಳಿ. ಟ್ರೇಯನ್ನು ಕಟ್ಟೆ ಮೇಲೆ ಕುಕ್ಕಿದ ಸದ್ದು, ಆಮೇಲೆ ಗಿರಾಕಿಗಳ ಗಲಾಟೆ. ಖಾರ ಬನ್ನು. ಮುಟ್ಟಲಾಗದಷ್ಟು ಬಿಸಿ. ಪೇಪರ್ ತುಂಡಿನಲ್ಲಿ ಹಿಡಿದುಕೊಂಡೆ. ಮೇಲೆ ಕಂದು ಬಣ್ಣ, ಅಲ್ಲಲ್ಲಿ ಹೊರಗೆ ಇಣುಕಿದ ಈರುಳ್ಳಿ ಸ್ವಲ್ಪ ಸೀದು ಕಪ್ಪಾಗಿದೆ. ಆ ಸೀದ ತುಂಡೇ ಬೇಕು. ಮುರಿದಾಗ ಒಳಗಿಂದ ಹಬೆ ಬಂತು, ಹಬೆಯ ಜೊತೆ ಕರಿಬೇವಿನ ವಾಸನೆ. ಮೇಲಿನ ಪದರ ಹಲ್ಲಿಗೆ ಸ್ವಲ್ಪ ಗಟ್ಟಿ, ಒಳಗೆ ಮೆತ್ತಗೆ, ಎಳೆಎಳೆಯಾಗಿ ಬಿಡುತ್ತದೆ. ಮೂರನೇ ತುತ್ತಿಗೆ ಹಸಿಮೆಣಸಿನಕಾಯಿ ಸಿಕ್ಕಿತು. ಕಣ್ಣಲ್ಲಿ ನೀರು. ಅದು ಆ ಶಾಟ್‌ನಲ್ಲಿ ಕಾಣುತ್ತಿದೆ, ಭಾವುಕನಾದೆ ಅಂದುಕೊಳ್ಳಬೇಡಿ.

ಇದೇ ಬನ್ನು ಎಂಟು ಗಂಟೆಗೆ ಯಾಕೆ ಸಪ್ಪೆ? ಬಿಸಿ ಆರುತ್ತಿದ್ದ ಹಾಗೆ ಒಳಗಿನ ತೇವ ಹೊರಪದರಕ್ಕೆ ಬರುತ್ತದೆ. ಈರುಳ್ಳಿಯೂ ನೀರು ಬಿಡುತ್ತದೆ. ಮೇಲ್ಭಾಗ ಮೆತ್ತಗಾಗಿ, ಒಳಭಾಗ ಗಟ್ಟಿಯಾಗುತ್ತದೆ. ಅಂದರೆ ಎಲ್ಲ ಉಲ್ಟಾ. ಮೈಕ್ರೋವೇವಿಗೆ ಹಾಕಿದರೆ ಎರಡು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ರಬ್ಬರ್. ಹೆಂಚಿನ ಮೇಲೆ ಬೆಣ್ಣೆ ಹಾಕಿ ಬಿಸಿ ಮಾಡಿದರೆ ಪರವಾಗಿಲ್ಲ, ಆದರೆ ಅದು ಆಗ ಬೇರೆ ತಿಂಡಿ.

ಬೇಕರಿಯಲ್ಲಿ ಹೊತ್ತಿಲ್ಲದ ತಿಂಡಿಗಳೂ ಇವೆ. ಜೇನು ಕೇಕ್ ಅಂಥದ್ದು. ಸ್ಪಾಂಜಿಗೆ ಸಿರಪ್ ಕುಡಿಸಿ, ಮೇಲೆ ಕೆಂಪು ಜಾಮ್ ಸವರಿ, ಕೊಬ್ಬರಿ ತುರಿ ಉದುರಿಸಿದ್ದು. ಬೆಳಗ್ಗೆಯದನ್ನು ಸಂಜೆ ತಿಂದರೆ ಇನ್ನೂ ಚೆನ್ನಾಗಿ ನೆಂದಿರುತ್ತದೆ. ಕಾಂಗ್ರೆಸ್ ಕಡಲೆಕಾಯಿ, ಅಂದರೆ ಖಾರ ಹಚ್ಚಿದ ಹುರಿದ ಕಡಲೆಬೀಜ, ವಾರವಾದರೂ ಹಾಗೇ ಇರುತ್ತದೆ, ಮನೆಯಲ್ಲಿ ಉಳಿದರೆ. ಇನ್ನು ರಸ್ಕು. ಹಳೆಯ ಸೌದೆ ಒಲೆ ಇರುವ ಕಡೆ ಬಿಸಿ ಜಾಸ್ತಿ ಇರುವಾಗ ಬ್ರೆಡ್ಡು, ಬನ್ನು ಹಾಕುತ್ತಾರೆ. ಒಲೆ ಆರುತ್ತಾ ಬಂದಾಗ ಉಳಿದ ಕಾವಿನಲ್ಲಿ ರಸ್ಕು ಒಣಗುತ್ತದೆ. ಒಂದು ಕಡ್ಡಿ ಸೌದೆಯೂ ದಂಡ ಇಲ್ಲ.

ನನ್ನ ಮುಂದೆ ಒಬ್ಬ ಹುಡುಗ, ಸ್ಕೂಲ್ ಬ್ಯಾಗ್ ಇನ್ನೂ ಹೆಗಲ ಮೇಲೆ. ಶನಿವಾರವೂ ಏನೋ ಕ್ಲಾಸು. ಕೈಯಲ್ಲಿ ಚಿಲ್ಲರೆ ಎಣಿಸಿದ, ಗಾಜಿನ ಒಳಗೆ ನೋಡಿದ, ಮತ್ತೆ ಎಣಿಸಿದ. ದಿಲ್‌ಪಸಂದ್ ಕೇಳಿದ, ಒಳಗೆ ಸಿಹಿ ಕೊಬ್ಬರಿ ತುಂಬಿದ ದುಂಡನೆಯ ಬೇಕರಿ ತಿಂಡಿ. ಅಂಗಡಿಯವರು ದೊಡ್ಡ ತುಂಡೇ ಹುಡುಕಿ ಕೊಟ್ಟರು, ಸುಮ್ನೆ, ಏನೂ ಹೇಳದೆ.

ಸಂಜೆ ಏಳು. ತಿಂಡಿ ಬೀದಿ. ಬೇಕರಿಯಿಂದ ನಾಲ್ಕು ಹೆಜ್ಜೆ. ಹಗಲು ಬಂದರೆ ಇಲ್ಲಿ ಏನೂ ಇಲ್ಲ ಅನ್ನಿಸುತ್ತದೆ, ಸಂಜೆಯಾದರೆ ಕಾಲಿಡಲು ಜಾಗ ಇಲ್ಲ. ಅಕ್ಕಿ ರೊಟ್ಟಿ, ಪಡ್ಡು, ಬಜ್ಜಿ, ಬೆಣ್ಣೆ ಗುಲ್ಕನ್. ಈಗೀಗ ಕಡ್ಡಿಗೆ ಸುತ್ತಿದ ಆಲೂಗಡ್ಡೆ, ಚೀಸ್ ಸುರಿದ ದೋಸೆ ಎಲ್ಲ ಬಂದಿವೆ. ಫೋಟೋಗೆ ಚೆಂದ. ತಿನ್ನಲು ನಾನು ಅವರೆಕಾಳಿನ ಅಕ್ಕಿ ರೊಟ್ಟಿ ಕಡೆಗೇ ಹೋಗುತ್ತೇನೆ. ಹೆಂಚಿಗೇ ಹಚ್ಚಿ ಬೇಯಿಸುತ್ತಾರೆ, ಅಂಚು ಎದ್ದು ಕೆಂಪಗಾಗುತ್ತದೆ, ಕಾಳು ಮಾತ್ರ ಹಸಿರಾಗೇ ಇರುತ್ತದೆ.

ಜನವರಿ ಅಂದರೆ ಅವರೆಬೇಳೆ ಮೇಳವೂ ಇರುತ್ತದೆ. ಮೊದಲು ಇದೇ ಬೀದಿಯಲ್ಲಿ ನಡೆಯುತ್ತಿತ್ತು, ಜನ ತಡೆಯಲಾಗದೆ ಹತ್ತಿರದ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಅಲ್ಲಿ ಅವರೆಬೇಳೆ ದೋಸೆ ಇದೆ, ಉಪ್ಪಿಟ್ಟು ಇದೆ, ಅವರೆಬೇಳೆ ಜಿಲೇಬಿಯೂ ಇದೆ. ಜಿಲೇಬಿ ತಿಂದು ನೋಡಿದೆ. ಜಿಲೇಬಿ ಥರವೇ ಇತ್ತು. ಅವರೆ ಎಲ್ಲಿ ಅಂತ ಹುಡುಕುವುದೇ ಆಯಿತು.

ಕೊನೆಗೆ ಹೋಳಿಗೆ. ದೊಡ್ಡ ಹೆಂಚು, ಪಕ್ಕದಲ್ಲಿ ತುಪ್ಪದ ಡಬ್ಬ, ಒಬ್ಬರು ತಟ್ಟುತ್ತಾರೆ, ಇನ್ನೊಬ್ಬರು ತಿರುವುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಮಾಡಿಟ್ಟ ಹೋಳಿಗೆಗಳು ಒಂದರ ಮೇಲೊಂದು ಜೋಡಿಸಿವೆ, ನೋಡಲು ಅಚ್ಚುಕಟ್ಟು. ಕಾಯಿ ಹೋಳಿಗೆ, ಬೇಳೆ ಹೋಳಿಗೆ, ಖರ್ಜೂರದ್ದು, ಅನಾನಸ್‌ದು.

"ಯಾವುದು ಕೊಡಲಿ ಸಾರ್?"

"ಈಗ ಹೆಂಚಿನ ಮೇಲೆ ಇರೋದು ಯಾವುದು?"

"ಕಾಯಿದು."

"ಹಾಗಾದ್ರೆ ಅದೇ ಕೊಡಿ. ತುಪ್ಪ ಸ್ವಲ್ಪ ಜಾಸ್ತಿ ಇರಲಿ."