ಎರಡನೆಯ ಗುಂಡು ಯಾರದು?

ನಮಸ್ಕಾರ. ಕಳೆದ ಭಾನುವಾರ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಪರಿಚಯದ ಹಿರಿಯರೊಬ್ಬರು ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೊಬೈಲನ್ನು ನನ್ನ ಮುಂದಿಟ್ಟರು. ವಾಶಿಯಲ್ಲಿ ಅವರದು ಲಾರಿ ವ್ಯವಹಾರ, ಊರು ಕುಂದಾಪುರದ ಕಡೆ. ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕೇಪ್ ಬಫೆಲೊ ಹೊಡೆದು ಬಂದಿದ್ದಾರೆ. ನಮ್ಮ ಕಾಟಿಯಲ್ಲ, ಅದು ಬೇರೆಯೇ ಜಾತಿ.

ವಿಡಿಯೊದಲ್ಲಿ ಢಂ ಎಂದು ಒಂದು ಗುಂಡು. ಕೋಣ ಮುಗ್ಗರಿಸಿ ತಿರುಗುತ್ತದೆ. ಪೂರ್ತಿ ತಿರುಗುವುದರೊಳಗೆ ಇನ್ನೊಂದು ಢಂ. ಎರಡನೆಯದು ಇವರದಲ್ಲ. ಗಿರಾಕಿಯನ್ನು ಬೇಟೆಗೆ ಕರೆದೊಯ್ಯುವ ಮಾರ್ಗದರ್ಶಿಗೆ ಪ್ರೊಫೆಷನಲ್ ಹಂಟರ್ ಎನ್ನುತ್ತಾರೆ, ಅಲ್ಲಿನವರ ಬಾಯಲ್ಲಿ ಪಿ.ಎಚ್. ಜೊತೆಗಿದ್ದ ಅವನದು.

"ದುಡ್ಡು ಕೊಟ್ಟವನು ನಾನು ಮಾರಾಯ. ಅವನು ಯಾಕೆ ಹೊಡೆಯಬೇಕು?" ಸಾಂಬಾರು ಆರಿಹೋಯಿತು, ಅವರ ಸಿಟ್ಟು ಆರಲಿಲ್ಲ.

ಬೇಟೆಯೇ ಬೇಡ ಎನ್ನುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ, ನಾನೂ ಆ ಪಂಗಡದವನೇ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹವ್ಯಾಸದ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು, ಒಳ್ಳೆಯದೇ ಆಯಿತು. ಆ ಜಗಳ ಇನ್ನೊಂದು ದಿನ ಆಡೋಣ. ಇವತ್ತು ನನ್ನನ್ನು ಕೊರೆಯುತ್ತಿರುವುದು ಆ ಹಿರಿಯರ ಪ್ರಶ್ನೆ.

ಮೊದಲ ಗುಂಡು ಗಿರಾಕಿಯದು. ಇದರಲ್ಲಿ ನನಗೆ ತಕರಾರಿಲ್ಲ. ಬೇಗ ಕೆಲಸ ಮುಗಿಯಲಿ ಎಂದು ಗಿರಾಕಿಯ ಜೊತೆಯಲ್ಲೇ ತನ್ನ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮಾರ್ಗದರ್ಶಿ ಕಳ್ಳನೇ ಸರಿ. ಆದರೆ ಆ ಗುಂಡು ಬಿದ್ದು ಪ್ರಾಣಿ ನೆಲಕ್ಕುರುಳದಿದ್ದರೆ ಮುಂದಿನದು ಬೇರೆಯೇ ಲೆಕ್ಕ. ಆರುನೂರು, ಏಳುನೂರು ಕಿಲೊ ತೂಗುವ ಕೋಣ ಗಾಯಗೊಂಡು ಹಳುವಿನೊಳಗೆ ನುಗ್ಗಿದರೆ ಸುಮ್ಮನೆ ಓಡಿಹೋಗುತ್ತದೆಂದು ನಂಬುವಂತಿಲ್ಲ. ಪೊದೆಯ ಮರೆಯಲ್ಲಿ ನಿಂತು, ಬೆನ್ನಟ್ಟಿ ಬಂದವನ ಮೇಲೆ ಹತ್ತು ಹೆಜ್ಜೆ ದೂರದಿಂದ ಎರಗಬಹುದು. ಅದನ್ನು ಹುಡುಕಿ ಮುಗಿಸುವುದು ಪಿ.ಎಚ್.ನ ಹೊಣೆ. ಗಿರಾಕಿ ಬೇಕಾದರೆ ಜೀಪಿನಲ್ಲಿ ಕುಳಿತಿರಬಹುದು, ಅವನು ಕೂರುವಂತಿಲ್ಲ.

ದುಡ್ಡಿನ ಮಾತಿಗೆ ಬನ್ನಿ. ಅಲ್ಲಿನ ಸಾಮಾನ್ಯ ಕರಾರು ಏನೆಂದರೆ, ರಕ್ತ ಒಂದು ಹನಿ ಬಿದ್ದರೂ ಸಾಕು, ಪ್ರಾಣಿ ಸಿಗಲಿ ಬಿಡಲಿ, ಗಿರಾಕಿ ಪೂರ್ತಿ ಶುಲ್ಕ ಕಟ್ಟಬೇಕು. ಅಂದರೆ ಕೋಣ ತಪ್ಪಿಸಿಕೊಂಡರೂ ಶುಲ್ಕವೇನೂ ಮುಳುಗುವುದಿಲ್ಲ. ಪಿ.ಎಚ್. ಎರಡನೆಯ ಗುಂಡು ಹೊಡೆದದ್ದು ಹಳುವಿಗೆ ಇಳಿಯುವ ಗತಿ ಬಾರದಿರಲೆಂದು. ತನಗಷ್ಟೇ ಅಲ್ಲ. ಆ ವಿಡಿಯೊದ ಎಡ ಅಂಚಿನಲ್ಲಿ ಎರಡು ಸೆಕೆಂಡು ಒಬ್ಬ ಮನುಷ್ಯ ಕಾಣಿಸುತ್ತಾನೆ: ಮಾಸಿದ ಹಸಿರು ಅಂಗಿ, ಕೈಯಲ್ಲಿ ಬರೀ ಕೋಲು. ಹೆಜ್ಜೆ ಹಿಡಿಯುವವನು. ಹಳುವಿಗೆ ಇಳಿದರೆ ನೆಲ ನೋಡುತ್ತಾ ಎಲ್ಲರಿಗಿಂತ ಮುಂದೆ ಹೋಗಬೇಕಾದವನು ಅವನು.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಹಳೆಯ ಕಾಲದಲ್ಲಿ ಹಂದಿ ಬೇಟೆಗೆ ಹೋಗುತ್ತಿದ್ದವರು. ಸೋವು, ಅಂದರೆ ಗದ್ದಲವೆಬ್ಬಿಸಿ ಪ್ರಾಣಿಯನ್ನು ಬಂದೂಕಿನವರತ್ತ ಅಟ್ಟುವುದು, ಶುರುವಾಗುವ ಮೊದಲೇ ಮರದಡಿ ಕುಳಿತು ಎಲ್ಲ ಮಾತು ಮುಗಿಯಬೇಕಿತ್ತಂತೆ: ಯಾರು ಯಾವ ಕಂಡಿಯಲ್ಲಿ ಕಾಯಬೇಕು, ಪಾಲು ಹೇಗೆ, ಗಾಯದ ಹಂದಿಯ ಹಿಂದೆ ಇಳಿಯುವವರು ಯಾರು. ಈಡು ಹಾರಿದ ಮೇಲೆ ಪಂಚಾಯಿತಿ ಇಲ್ಲ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆಯಲು ಒಪ್ಪುವಾಗ ಜಿಮ್ ಕಾರ್ಬೆಟ್ ಕೂಡ ಮೊದಲೇ ಎರಡು ಷರತ್ತು ಹಾಕಿದ್ದರು: ಬಹುಮಾನದ ಘೋಷಣೆಯನ್ನು ಹಿಂತೆಗೆಯಬೇಕು, ಬೇರೆ ಬೇಟೆಗಾರರನ್ನು ವಾಪಸು ಕರೆಸಬೇಕು. ಹುಲಿಯ ಜೊತೆಗೆ ಇನ್ನೊಬ್ಬರ ಗುಂಡಿಗೂ ಹೆದರಬೇಕಾದ ಪಾಡು ಅವರಿಗೆ ಬೇಡವಾಗಿತ್ತು.

ಶಿಬಿರದ ಮೊದಲ ರಾತ್ರಿ ನೀವೇ ಕೇಳಿದ್ದಿರಾ ಎಂದೆ ಆ ಹಿರಿಯರನ್ನು: ನನ್ನ ಗುಂಡಿನ ನಂತರ ನೀನು ಯಾವಾಗ ಹೊಡೆಯುತ್ತೀಯ ಎಂದು? ಕೇಳಿರಲಿಲ್ಲ. ಬಂದೂಕಿನ ಕ್ಯಾಲಿಬರ್ ಕೇಳಿದ್ದರು, ಊಟಕ್ಕೆ ಅನ್ನ ಸಿಗುತ್ತದೆಯೇ ಎಂದೂ ಕೇಳಿದ್ದರು.

ಹಾಗೆಂದು ಮಾರ್ಗದರ್ಶಿಗಳನ್ನು ಬಿಡುವುದಿಲ್ಲ ನಾನು. ಅವರದೊಂದು ಹಳೆಯ ರೋಗ, ಮುಖಸ್ತುತಿ. ನಮ್ಮ ಸಂಸ್ಥಾನಗಳ ಕಾಲದಲ್ಲಿ ದೊಡ್ಡ ಅತಿಥಿ ಹೊಡೆದ ಹುಲಿ ಅಳತೆಪಟ್ಟಿಯ ಮೇಲೆಯೇ ಬೆಳೆಯುತ್ತಿತ್ತು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಇವರ ಪಿ.ಎಚ್. ಕೂಡ ಸಂಜೆ ಬೆಂಕಿಯ ಮುಂದೆ, "ಕೊಂದದ್ದು ನಿಮ್ಮ ಗುಂಡೇ ಸರ್, ನನ್ನದು ಸುಮ್ಮನೆ ಬಿತ್ತು" ಎಂದನಂತೆ. ಅಲ್ಲಿಯೇ ಅವನು ಕೆಟ್ಟ. ನಿಮ್ಮ ಗುಂಡು ಎದೆಗೆ ತಾಗದೆ ಹಿಂದಕ್ಕೆ ಬಿತ್ತು, ಅದಕ್ಕೇ ಹೊಡೆದೆ ಎಂದು ನೇರವಾಗಿ ಹೇಳಿದ್ದರೆ ಇವರಿಗೆ ಒಂದು ರಾತ್ರಿ ಮುಖ ಸಪ್ಪಗಾಗುತ್ತಿತ್ತು, ಅಷ್ಟೇ. ಸುಳ್ಳು ಹೇಳಿದ್ದರಿಂದ ಈಗ ಮಾಟುಂಗದವರೆಗೂ ಪ್ರಶ್ನೆ ಬಂದು ಕುಳಿತಿದೆ: ಕೊಂದದ್ದು ನನ್ನ ಗುಂಡೇ ಆದರೆ ಅವನು ಯಾಕೆ ಹೊಡೆದ?

"ಹಸಿರು ಅಂಗಿಯವನ ಹೆಸರೇನು?" ಎಂದು ಕೇಳಿದೆ. ವಿಡಿಯೊವನ್ನು ಹಿಂದಕ್ಕೆ ಸರಿಸಿ ನೋಡಿದರು. ಹನ್ನೊಂದು ದಿನ ಜೊತೆಯಲ್ಲಿದ್ದನಂತೆ. ಹೆಸರು ನೆನಪಾಗಲಿಲ್ಲ. ಫಿಲ್ಟರ್ ಕಾಫಿ ಬಂತು, ಕುಡಿದೆವು.