ಪ್ಯಾಟ್ಸಿ ಬೇಡ ಅಂದಿದ್ದ ಹಾಡುಗಳು

ನಮಸ್ಕಾರ ಕೇಳುಗರೇ.

ತನಗೆ ಹಿಡಿಸದ ಹಾಡುಗಳನ್ನು ಹಾಡಿಯೇ ಹೆಸರು ಮಾಡಿದ ಗಾಯಕಿಯೊಬ್ಬರ ಕಥೆ ಇವತ್ತು. ಪ್ಯಾಟ್ಸಿ ಕ್ಲೈನ್. ಹುಟ್ಟಿದ್ದು 1932ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಅಪ್ಪ ಮನೆ ಬಿಟ್ಟು ಹೋದರು. ಪ್ಯಾಟ್ಸಿ ಶಾಲೆ ಬಿಟ್ಟು ಔಷಧಿ ಅಂಗಡಿಯ ಸೋಡಾ ಕೌಂಟರಿನಲ್ಲಿ ಕೆಲಸಕ್ಕೆ ನಿಂತರು. ರಾತ್ರಿಯಾದರೆ ಹಾಡು. ಅಮ್ಮ ಹಿಲ್ಡಾ ಹೊಲಿಗೆ ಬಲ್ಲವರು. ಅಂಚಿಗೆ ಕುಚ್ಚು ಇಳಿಬಿಟ್ಟ ಕೌಗರ್ಲ್ ಉಡುಪುಗಳನ್ನು ಮಗಳಿಗಾಗಿ ಅವರೇ ಹೊಲಿಯುತ್ತಿದ್ದರು.

ಆ ಉಡುಪು ಸುಮ್ನೆ ಅಲಂಕಾರ ಅಲ್ಲ. ಅದು ಕಂಟ್ರಿ ಸಂಗೀತದ ಗುರುತು. ಪಿಟೀಲು, ಸ್ಟೀಲ್ ಗಿಟಾರ್, ನಡುನಡುವೆ ದನಿ ಒಡೆದು ಮೇಲಕ್ಕೆ ಹಾರಿಸುವ ಯೋಡ್ಲಿಂಗ್, ಹೀಗೆ ಹಳ್ಳಿಗಾಡಿನ ಸಂಗೀತ. ಪಾಪ್ ಅಂದರೆ ಪೇಟೆಯವರ ರುಚಿ. ಯಾವ ಹಾಡು ಎಷ್ಟು ಓಡುತ್ತಿದೆ ಅನ್ನುವ ಪಟ್ಟಿಯೂ ಎರಡಕ್ಕೂ ಬೇರೆ ಬೇರೆ. ಒಂದು ಪಟ್ಟಿಯ ಹಾಡು ಇನ್ನೊಂದಕ್ಕೂ ದಾಟಿದರೆ ಅದೇ ಕ್ರಾಸ್‌ಓವರ್.

1957ರ ಜನವರಿಯಲ್ಲಿ ಆರ್ಥರ್ ಗಾಡ್‌ಫ್ರೆ ಅವರ ಟಿವಿ ಸ್ಪರ್ಧೆಗೆ ಕರೆ ಬಂತು. ಅಲ್ಲಿಯವರು ಕೌಗರ್ಲ್ ಉಡುಪು ಬೇಡ, ಗೌನ್ ಹಾಕಿ ಅಂದರು. ಹಾಡನ್ನೂ ಅವರೇ ಆರಿಸಿದರು: 'ವಾಕಿನ್ ಆಫ್ಟರ್ ಮಿಡ್‌ನೈಟ್'. ಪ್ಯಾಟ್ಸಿಗೆ ಅದು ಒಂದಿಷ್ಟೂ ಇಷ್ಟವಿರಲಿಲ್ಲ. ಆದರೆ ಸ್ಪರ್ಧೆ ಗೆದ್ದರು. ಹಾಡು ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೂ ಏರಿತು.

ಆಮೇಲೆ ಮೂರು ವರ್ಷ ಬರಗಾಲ. ಒಪ್ಪಂದದ ಪ್ರಕಾರ ರೆಕಾರ್ಡ್ ಕಂಪನಿ ತನ್ನ ಕೈಲಿರುವ ಹಾಡುಗಳನ್ನು ಬಿಟ್ಟು ಬೇರೆ ಹಾಡಲು ಬಿಡುತ್ತಿರಲಿಲ್ಲ. 1960ರಲ್ಲಿ ಆ ಒಪ್ಪಂದ ಮುಗಿಯಿತು. ನ್ಯಾಶ್‌ವಿಲ್‌ನ ನಿರ್ಮಾಪಕ ಓವನ್ ಬ್ರಾಡ್ಲಿ ಪಿಟೀಲಿನ ಹಳ್ಳಿಸೊಗಡು ಇಳಿಸಿ, ಹಿಂದೆ ನಾಲ್ವರು ಗಂಡಸರ ಮೆಲುದನಿ ಸೇರಿಸಿದರು. ತನ್ನ ದನಿ ಅದರಲ್ಲಿ ಮುಳುಗಿಹೋಗುತ್ತದೆ ಅನ್ನುವ ಭಯ ಪ್ಯಾಟ್ಸಿಗೆ. ಆದರೂ 'ಐ ಫಾಲ್ ಟು ಪೀಸಸ್' 1961ರಲ್ಲಿ ಕಂಟ್ರಿ ಪಟ್ಟಿಯ ತುದಿಗೇ ಹೋಯಿತು.

ಅದು ಏರುತ್ತಿದ್ದಾಗಲೇ, ಜೂನ್‌ನಲ್ಲಿ, ಕಾರು ಅಪಘಾತ. ಹಣೆ ಸೀಳಿತು, ಪಕ್ಕೆಲುಬಿಗೆ ಪೆಟ್ಟು. ಆಗಸ್ಟ್‌ನಲ್ಲಿ ಊರುಗೋಲು ಹಿಡಿದೇ ಸ್ಟುಡಿಯೋಗೆ ಬಂದರು. ಅವತ್ತಿನ ಹಾಡು 'ಕ್ರೇಜಿ'. ಬರೆದವರು ವಿಲ್ಲಿ ನೆಲ್ಸನ್, ಆಗ ಇನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ಹುಡುಗ. ಹಾಡೋ ಮಾತೋ ಗೊತ್ತಾಗದ ಹಾಗೆ, ತಾಳದ ಆಚೀಚೆ ಜಾರುತ್ತಾ ಹಾಡುವುದು ಅವರ ರೀತಿ. ಅದೂ ಪ್ಯಾಟ್ಸಿಗೆ ಹಿಡಿಸಲಿಲ್ಲ! ಆಗೆಲ್ಲ ಮೂರು ಗಂಟೆಯಲ್ಲಿ ನಾಲ್ಕು ಹಾಡು ಮುಗಿಸುವುದು ರೂಢಿ. ಅವತ್ತು ಒಂದೇ ಹಾಡಿಗೆ ನಾಲ್ಕು ಗಂಟೆ ಹೋಯಿತು. ಮೇಲಿನ ಸ್ವರಕ್ಕೆ ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಕೊನೆಗೆ ವಾದ್ಯಗಳನ್ನಷ್ಟೇ ಮುದ್ರಿಸಿಟ್ಟು ಅವರನ್ನು ಮನೆಗೆ ಕಳಿಸಿದರು. ಕೆಲವು ದಿನ ಬಿಟ್ಟು ಬಂದು, ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಪಾಪ್ ಪಟ್ಟಿಯಲ್ಲಿ 9ನೇ ಸ್ಥಾನ.

ಉಳಿದಿದ್ದ ಆಯುಸ್ಸು ಕಡಿಮೆ. 1963ರ ಮಾರ್ಚ್ 5ರಂದು ಟೆನೆಸೀಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ವಯಸ್ಸು ಬರೀ 30. ಹತ್ತು ವರ್ಷದ ನಂತರ ಅವರ ಹೆಸರು ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ, ಅಂದರೆ ಕಂಟ್ರಿ ಸಂಗೀತದ ದಿಗ್ಗಜರ ಗೌರವಪಟ್ಟಿಗೆ, ಸೇರಿತು. ತಂಡವಿಲ್ಲದೆ ಒಬ್ಬರೇ ಹಾಡುವ ಗಾಯಕಿಯರಲ್ಲಿ ಅವರೇ ಮೊದಲಿಗರು.

'ಕ್ರೇಜಿ' ಕೇಳುವಾಗ ಪಿಯಾನೋ ಮುಗಿದ ಕೂಡಲೇ ಬರುವ ಮೊದಲ ಪದಕ್ಕೆ ಕಿವಿ ಕೊಡಿ. ಅಲ್ಲಿ ಅವಸರವೇ ಇಲ್ಲ, ಅಲ್ವಾ? ಪಕ್ಕೆ ನೋವಿನ ಸುಳಿವೂ ಇಲ್ಲ.